ಅಂಗಳದಲ್ಲಿ ಬಿಚ್ಚಿಟ್ಟ ಯೆಜ್ಡಿ

ಭಾನುವಾರ ಬೆಳಿಗ್ಗೆ ತಿಂಡಿಗೆ ತಟ್ಟೆ ಜೋಡಿಸುವಾಗ ಒಂದು ಸ್ಟೀಲ್ ತಟ್ಟೆ ಕಡಿಮೆ ಬರುತ್ತಿದೆಯೇ? ಸಿಂಕ್ ಉಜ್ಜಲೆಂದು ಎತ್ತಿಟ್ಟ ಹಳೆಯ ಹಲ್ಲುಜ್ಜುವ ಬ್ರಷ್ ಕಾಣೆಯಾಗಿದೆಯೇ? ಹಾಗಿದ್ದರೆ ಒಮ್ಮೆ ಅಂಗಳಕ್ಕೆ ಹೋಗಿ ನೋಡಿ. ನಿಮ್ಮ ತಟ್ಟೆಯಲ್ಲಿ ಡೀಸೆಲ್ ಸುರಿದು ನಟ್ಟು ಬೋಲ್ಟುಗಳನ್ನು ನೆನೆ ಹಾಕಿರುತ್ತಾರೆ. ನಿಮ್ಮ ಬ್ರಷ್ಷಿನಿಂದಲೇ ಬೈಕಿನ ಚೈನು ಉಜ್ಜುತ್ತಿರುತ್ತಾರೆ. ಹಾಸಿದ ಹಳೆಯ ಪತ್ರಿಕೆಯ ಸುತ್ತ ನಿಮ್ಮ ಮಗ, ಅವನ ಮೂವರು ಗೆಳೆಯರು, ಪಕ್ಕದ ಬೀದಿಯ ಒಬ್ಬ ಚಾಚಾ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ನಡುವೆ ಮುಂದಿನ ಚಕ್ರವಿಲ್ಲದ ಒಂದು ಬೈಕು, ಇಟ್ಟಿಗೆಯ ಮೇಲೆ ನಿಂತಿರುತ್ತದೆ.

ಇದನ್ನು ಕಂಡ ಕೂಡಲೇ ಹೆಚ್ಚಿನ ತಾಯಂದಿರಿಗೂ ಪತ್ನಿಯರಿಗೂ ಬರುವುದು ಸಿಟ್ಟು. ಸಹಜವೇ. ನಿನ್ನೆ ತಾನೇ ತೊಳೆದ ಅಂಗಳದಲ್ಲಿ ಆಯಿಲ್ ಕಲೆ, ಮನೆಯೊಳಗೆಲ್ಲ ಪೆಟ್ರೋಲ್ ವಾಸನೆ, ಗಂಟೆಗೊಮ್ಮೆ ಒಳಗೆ ಇಣುಕುವ "ಅಮ್ಮೀ, ಐದು ಚಹಾ" ಎಂಬ ಸ್ವರ. ಮೆಕ್ಯಾನಿಕ್ಕಿಗೆ ಕೊಟ್ಟರೆ ಒಂದು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಇಡೀ ರಜಾದಿನ ಹಾಳು ಮಾಡುತ್ತಾರಲ್ಲ ಎಂದು ನೀವು ಗೊಣಗಿದರೆ ತಪ್ಪು ಹೇಳುವಂತಿಲ್ಲ. ಆದರೆ ಆ ಗುಂಪನ್ನು ಗೇಟಿನಾಚೆಗೆ ಅಟ್ಟುವ ಮೊದಲು ಅಲ್ಲಿ ನಡೆಯುವುದೇನು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಅದನ್ನು ನೋಡುವುದಕ್ಕೆ ನಮ್ಮ ರಾಜ್ಯದಲ್ಲಿ ಮೈಸೂರಿಗಿಂತ ಒಳ್ಳೆಯ ಊರಿಲ್ಲ.

ಯಾದವಗಿರಿಯ ಕಾರ್ಖಾನೆ

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಮೋಟಾರ್ ಸೈಕಲ್ ಕಾರ್ಖಾನೆಯಿದ್ದುದು ನಿಮ್ಮ ಮನೆಯ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ. ಜಾವಾ ಮೂಲತಃ ಝೆಕ್ ದೇಶದ ಬೈಕು. ಅಲ್ಲಿನ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪೆನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡುಕೊಂಡ. ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿದಾಗ ಜಾವಾ ಆಯಿತು. 1960ರ ದಶಕದ ಆರಂಭದಲ್ಲಿ ಇರಾನಿ ಮನೆತನದವರು ಅದರ ಪರವಾನಿಗೆ ಪಡೆದು ಮೈಸೂರಿನಲ್ಲಿ ತಯಾರಿ ಶುರು ಮಾಡಿದರು. 1970ರ ದಶಕದಲ್ಲಿ ಬೈಕಿಗೆ ಯೆಜ್ಡಿ ಎಂಬ ಹೊಸ ಹೆಸರು ಬಂತು. ಇರಾನಿನ ಯಝ್ದ್ ನಗರದ ಹೆಸರು ಅದು. ಝೆಕ್ ದೇಶದ ಯಂತ್ರ, ಇರಾನಿನ ಹೆಸರು, ಮೈಸೂರಿನ ಕೈಗಳು. ದೂರದ್ದು ಹೀಗೆ ನಮ್ಮದಾಗುವ ಬಗೆ ಬಿರಿಯಾನಿ ಬೇಯಿಸುವ ನಿಮಗೆ ಹೊಸದೇನೂ ಅಲ್ಲ.

1980ರ ದಶಕದ ನಡುವಿನಲ್ಲಿ ಜಪಾನಿ ಸಹಯೋಗದ ಸಣ್ಣ ಬೈಕುಗಳು ಬಂದವು. ಲೀಟರಿಗೆ ಯೆಜ್ಡಿಗಿಂತ ಎಷ್ಟೋ ಹೆಚ್ಚು ದೂರ ಓಡುವ ಬೈಕುಗಳು, ಅವುಗಳಲ್ಲಿ ಕೆಲವಕ್ಕಂತೂ ಹೊಗೆ ಉಗುಳದ ಫೋರ್ ಸ್ಟ್ರೋಕ್ ಎಂಜಿನ್. ತಿಂಗಳ ಸಂಬಳ ಎಣಿಸಿ ಪೆಟ್ರೋಲ್ ಹಾಕಿಸುವ ಮನೆಗಳು ಅತ್ತ ತಿರುಗಿದವು. ಹೊಗೆಯ ನಿಯಮಗಳು ಬಿಗಿಯಾದವು, ಕಾರ್ಖಾನೆಯೊಳಗಿನ ಕಾರ್ಮಿಕ ಬಿಕ್ಕಟ್ಟೂ ಸೇರಿತು. 1996ರಲ್ಲಿ ಐಡಿಯಲ್ ಜಾವಾ ಬಾಗಿಲು ಮುಚ್ಚಿತು. ಅನೇಕ ಮನೆಗಳ ಒಲೆಗೆ ಅದು ತಟ್ಟಿತು. ಕೆಲಸ ಹೋದವರು ಎಲ್ಲೆಲ್ಲಿಗೋ ಚದುರಿದರು. ಕೆಲವರು ಮಾತ್ರ ಕೈಯಲ್ಲಿದ್ದ ವಿದ್ಯೆಯನ್ನೇ ನಂಬಿ ರಿಪೇರಿಗೆ ಕೂತರು.

ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ. ಆದರೆ ಅವು ಬೇರೆ ಕಂಪೆನಿಯ, ಮಧ್ಯಪ್ರದೇಶದಲ್ಲಿ ತಯಾರಾಗುವ, ಫೋರ್ ಸ್ಟ್ರೋಕ್ ಎಂಜಿನ್‌ನ ಹೊಸ ಬೈಕುಗಳು. ನಾನಿಲ್ಲಿ ಹೇಳುತ್ತಿರುವುದು ಹಳೆಯದರ ಕಥೆ. ಎಷ್ಟೋ ಮನೆಗಳಲ್ಲಿ ಅಬ್ಬಾ ನಿಕಾಹ್‌ನ ಹೊಸದರಲ್ಲಿ ಅಮ್ಮಿಯನ್ನು ಕೂರಿಸಿಕೊಂಡು ಹೋದ ಬೈಕು ಅದು. ನಾನಾ ತೀರಿಹೋದ ಮೇಲೆ ಗೋಣಿಚೀಲ ಹೊದ್ದು ಮೂಲೆಯಲ್ಲಿ ನಿಂತ ಬೈಕೂ ಅದೇ. ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ, ಓಡಿಸಲು ಬರುವುದಿಲ್ಲ. ಒಂದು ದಿನ ಮೊಮ್ಮಗ ಆ ಗೋಣಿಯನ್ನು ಸರಿಸುತ್ತಾನೆ. ಅಲ್ಲಿಂದ ನಿಮ್ಮ ಭಾನುವಾರಗಳು ಹೋದವೆಂದೇ ತಿಳಿಯಿರಿ.

ಒಬ್ಬನಿಂದಾಗುವ ಕೆಲಸವಲ್ಲ

ಕಂಪೆನಿಯೇ ಮುಚ್ಚಿದ ಮೇಲೆ ಬಿಡಿಭಾಗ ಎಲ್ಲಿಂದ ಬರಬೇಕು? ಇದೇ ಇಂಥ ಕೂಟಗಳ ಮೂಲ. ಒಬ್ಬನ ಬಳಿ ಹೆಚ್ಚುವರಿ ಕಾರ್ಬುರೇಟರ್ ಇರುತ್ತದೆ, ಇನ್ನೊಬ್ಬನ ಬಳಿ ಸವೆಯದ ಕ್ಲಚ್ ಪ್ಲೇಟ್. ಮ್ಯಾಗ್ನೆಟ್ ಕಳಚುವ ಪುಲ್ಲರ್ ಎಂಬ ಉಪಕರಣ ಇಡೀ ಬಡಾವಣೆಯಲ್ಲಿ ಒಬ್ಬರ ಮನೆಯಲ್ಲಿ ಮಾತ್ರ ಇರಬಹುದು; ಮದುವೆಯ ದೊಡ್ಡ ದೇಗ್ಚಿಯಂತೆ ಅದು ಮನೆಯಿಂದ ಮನೆಗೆ ತಿರುಗುತ್ತದೆ. ಎಲ್ಲೂ ಸಿಗದ ಭಾಗವನ್ನು ಹುಡುಕಲು ಬೆಂಗಳೂರಿನ ಜೆ.ಸಿ. ರಸ್ತೆಗೋ, ಶಿವಾಜಿನಗರದ ಗುಜರಿಗೋ ಯಾರಾದರೂ ಹೋಗಿ ಬರುತ್ತಾರೆ. ಅಲ್ಲೂ ಇಲ್ಲದಿದ್ದರೆ ಲೇತ್ ಇರುವ ಪರಿಚಯದವರ ಮುಂದೆ ಕೂತು ಮಾಡಿಸುತ್ತಾರೆ. ಹಣ ಇದ್ದರೆ ಎಲ್ಲವೂ ಆಗುತ್ತದೆ ಎಂದು ಬೆಳೆಯುತ್ತಿರುವ ಹುಡುಗರಿಗೆ, ಹಣ ಕೊಟ್ಟರೂ ಸಿಗದ ಒಂದು ವಸ್ತುವಿಗಾಗಿ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ಸಲಾಂ ಹೇಳಿ ಕೇಳಬೇಕಾಗಿ ಬರುವುದು ಸಣ್ಣ ಪಾಠವೇನಲ್ಲ.

ಇನ್ನು ಕೆಲಸದ ವಿಷಯ. ಹಳೆಯ ಯೆಜ್ಡಿಯ ಎಂಜಿನ್ ಟೂ ಸ್ಟ್ರೋಕ್. ಇಂದಿನ ಬೈಕುಗಳಂತೆ ಅದರಲ್ಲಿ ವಾಲ್ವ್ ಇಲ್ಲ, ಕಂಪ್ಯೂಟರ್ ಇಲ್ಲ. ಕಿಕ್ಕರಿಗೂ ಗೇರಿಗೂ ಒಂದೇ ಲಿವರ್. ಪೆಟ್ರೋಲಿಗೇ ಆಯಿಲ್ ಬೆರೆಸಿ ಟ್ಯಾಂಕಿಗೆ ಸುರಿಯಬೇಕು. ಆಯಿಲ್ ಕಡಿಮೆಯಾದರೆ ಪಿಸ್ಟನ್ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ; ಹೆಚ್ಚಾದರೆ ಹೊಗೆ ತುಂಬಿ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಸಾರಿಗೆ ಉಪ್ಪು ಹಾಕುವ ಅಂದಾಜು ನಿಮ್ಮ ಕೈಗೆ ಹೇಗೆ ಬಂತೋ ಹಾಗೆಯೇ ಇದೂ ಬರಬೇಕು. ಪ್ಲಾಟಿನಂ ಪಾಯಿಂಟ್ ಎಂದು ಕರೆಯುವ ಪುಟ್ಟ ಭಾಗವೊಂದಿದೆ. ಅದರ ಎರಡು ಮುಖಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಆ ಸಂದು ಕೂದಲೆಳೆಯಷ್ಟು ತಪ್ಪಿದರೂ ಬೈಕು ಇಡೀ ದಿನ ಕಿಕ್ ಹೊಡೆಸಿಕೊಳ್ಳುತ್ತದೆಯೇ ಹೊರತು ಸ್ಟಾರ್ಟ್ ಆಗುವುದಿಲ್ಲ. ಮಗ್ರಿಬ್ ಆಗುತ್ತಾ ಬಂದರೂ ಹುಡುಗರು ಬೆವರಿ ಒದೆಯುತ್ತಿದ್ದರೆ ಕಾರಣ ಹೆಚ್ಚಾಗಿ ಅದೇ.

ಅಲ್ಲಿ ಕೂತ ಚಾಚಾರನ್ನು ಗಮನಿಸಿ. ಎಂಜಿನ್ ಒಮ್ಮೆ ಗುರುಗುಟ್ಟಿದರೆ ಸಾಕು, ಇಂಥಲ್ಲಿ ತೊಂದರೆಯಿದೆ ಎಂದು ಬೆರಳು ತೋರುತ್ತಾರೆ. ಒಗ್ಗರಣೆಯ ವಾಸನೆಯಿಂದಲೇ ಈರುಳ್ಳಿ ಸೀಯುತ್ತಿದೆ ಎಂದು ಒಳಕೋಣೆಯಿಂದ ಕೂಗಿ ಹೇಳುವ ನಿಮ್ಮ ಅತ್ತೆಯವರದ್ದೂ ಇಂಥದೇ ವಿದ್ಯೆ. ಪುಸ್ತಕದಿಂದ ಬಂದದ್ದಲ್ಲ, ಕೈಯಿಂದ ಕೈಗೆ ಬಂದದ್ದು. ನಮ್ಮ ಸಮುದಾಯದ ಎಷ್ಟೋ ಹುಡುಗರು ಹತ್ತು ಹನ್ನೆರಡರ ವಯಸ್ಸಿಗೇ ಗ್ಯಾರೇಜಿಗೆ ಸೇರಿ, ಉಸ್ತಾದರ ಕೈಕೆಳಗೆ ಪಾನಾ ಎತ್ತಿಕೊಡುತ್ತಾ, ಬೈಗುಳ ತಿನ್ನುತ್ತಾ ಈ ವಿದ್ಯೆ ಕಲಿತರು. ಅದರಲ್ಲಿ ಹೆಮ್ಮೆ ಪಡುವಂಥದ್ದು ಏನಿದೆಯೋ ನೋವಿನದ್ದೂ ಅಷ್ಟೇ ಇದೆ. ಶಾಲೆ ಬಿಟ್ಟ ಆ ಬಾಲ್ಯವನ್ನು ನಾವು ಮರಳಿ ಬಯಸಬಾರದು. ಆದರೆ ಅಂಗಳದ ಭಾನುವಾರದಲ್ಲಿ ಅದೇ ಉಸ್ತಾದರ ವಿದ್ಯೆ, ಕಾಲೇಜಿಗೆ ಹೋಗುವ ಹುಡುಗನ ಕೈಗೆ, ಯಾರ ಶಾಲೆಯನ್ನೂ ಕಿತ್ತುಕೊಳ್ಳದೆ ಇಳಿಯುತ್ತದೆ. ಮೊನ್ನೆಯವರೆಗೆ "ಬರೇ ಮೆಕ್ಯಾನಿಕ್" ಎಂದು ಕಂಡ ಮನುಷ್ಯನ ಎದುರು ಇಂಜಿನಿಯರಿಂಗ್ ಓದುವ ಹುಡುಗ ತಲೆತಗ್ಗಿಸಿ ಕಲಿಯುವುದನ್ನು ಬೇರೆಲ್ಲಿ ನೋಡುತ್ತೀರಿ? ಸ್ವತಃ ದಾವೂದ್ ಪ್ರವಾದಿಯವರು(ಅ) ಕಬ್ಬಿಣದ ಕೆಲಸ ಬಲ್ಲವರಾಗಿದ್ದರು, ತಮ್ಮ ಕೈದುಡಿಮೆಯಿಂದಲೇ ಉಣ್ಣುತ್ತಿದ್ದರು ಎಂಬುದನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭವೂ ಸಿಗಲಾರದು.

ಆ ಗುಂಪಿನಲ್ಲಿ ಎಲ್ಲರೂ ನಮ್ಮ ಮೊಹಲ್ಲಾದವರೇ ಆಗಿರುವುದಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ಪ್ರಿಯರು ಅಂತಾರಾಷ್ಟ್ರೀಯ ಜಾವಾ ದಿನವಾಗಿ ಆಚರಿಸುತ್ತಾರೆ. ಮೈಸೂರು, ಬೆಂಗಳೂರಿನ ಬೀದಿಗಳಲ್ಲಿ ಅಂದು ಸಾಲಾಗಿ ಹಳೆಯ ಬೈಕುಗಳು ಹೊರಡುತ್ತವೆ. ಅದಕ್ಕೆ ಹಿಂದಿನ ವಾರಗಳಲ್ಲಿ ನಡೆಯುವ ತಯಾರಿಯಲ್ಲಿ ಪುಲ್ಲರ್ ಯಾರ ಮನೆಯದು, ಕ್ಲಚ್ ಪ್ಲೇಟ್ ಯಾವ ಜಾತಿಯವರದು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಬೇರೆ ಬೇರೆ ಬೀದಿಗಳವರು ಒಬ್ಬರ ಮನೆಗೆ ಒಬ್ಬರು ಕಾಲಿಡುವುದೇ ಅಪರೂಪವಾಗುತ್ತಿರುವ ಈ ದಿನಗಳಲ್ಲಿ ನಿಮ್ಮ ಅಂಗಳದಲ್ಲಿ ರಮೇಶನೂ ರಶೀದನೂ ಒಂದೇ ತಟ್ಟೆಯಲ್ಲಿ ಬೋಲ್ಟು ತೊಳೆಯುತ್ತಿದ್ದರೆ, ಆ ತಟ್ಟೆ ಹೋದರೆ ಹೋಗಲಿ ಬಿಡಿ.

ತಲೆ ಎತ್ತದೆ ಆಡುವ ಮಾತು

ನಾವು ಹೆಂಗಸರಿಗೆ ಮಾತಾಡಲು ಜಾಗಗಳಿವೆ. ವಾರದ ದರ್ಸ್ ಮುಗಿದ ಮೇಲಿನ ಅರ್ಧ ಗಂಟೆ, ಮದುವೆ ಮನೆಯ ಮೆಹಂದಿ, ಬಾಣಂತಿ ನೋಡಲು ಹೋದ ಮನೆ, ಅಕ್ಕಪಕ್ಕದ ತಾರಸಿ. ಕೈ ಅಕ್ಕಿ ಆರಿಸುತ್ತಿರುತ್ತದೆ, ಬಾಯಿ ದುಃಖ ಹೇಳಿಕೊಳ್ಳುತ್ತಿರುತ್ತದೆ. ಗಂಡಸರಿಗೆ ಇದು ಬಲು ಕಷ್ಟ. ಎದುರಾ ಬದುರಾ ಕೂತು "ನನಗೆ ಕೆಲಸದಲ್ಲಿ ತೊಂದರೆಯಾಗಿದೆ" ಎಂದು ಗೆಳೆಯನ ಬಳಿ ಹೇಳಿಕೊಳ್ಳುವ ಅಭ್ಯಾಸವನ್ನು ನಾವು ನಮ್ಮ ಗಂಡು ಮಕ್ಕಳಿಗೆ ಕಲಿಸಿಯೇ ಇಲ್ಲ. ಆದರೆ ಇಬ್ಬರೂ ಒಂದೇ ಎಂಜಿನ್ ಮೇಲೆ ಬಾಗಿದ್ದಾಗ, ಕಣ್ಣಿಗೆ ಕಣ್ಣು ಸೇರಿಸಬೇಕಿಲ್ಲದಾಗ, ಮಾತು ತಾನಾಗಿ ಬರುತ್ತದೆ. ಪರೀಕ್ಷೆ ಹೋದದ್ದು, ಗಲ್ಫ್ ವೀಸಾ ಸಿಗದೆ ಹೋದದ್ದು, ತಂಗಿಯ ಸಂಬಂಧ ಮುರಿದದ್ದು, ಸಾಲ. ನಿಮಗೆ ಹೇಳದ ಎಷ್ಟೋ ವಿಷಯ ನಿಮ್ಮ ಮಗ ಒಂದು ಬೋಲ್ಟು ತಿರುಗಿಸುತ್ತಾ ಆ ಚಾಚಾರಿಗೆ ಹೇಳಿರುತ್ತಾನೆ. ಅದಕ್ಕೆ ನೀವು ಬೇಸರಪಡಬೇಡಿ. ಅವನು ಯಾರಿಗೋ ಹೇಳಿದನಲ್ಲ, ಅದಕ್ಕೆ ಅಲ್‌ಹಮ್ದುಲಿಲ್ಲಾಹ್ ಎನ್ನಿ.

ಯಾರಿಗೆ ಹೇಳುತ್ತಾನೆ ಎಂಬುದು ಮಾತ್ರ ನಿಮಗೆ ಗೊತ್ತಿರಬೇಕು. ಒಳ್ಳೆಯ ಸಂಗಾತಿಯನ್ನು ಕಸ್ತೂರಿ ಮಾರುವವನಿಗೂ ಕೆಟ್ಟ ಸಂಗಾತಿಯನ್ನು ಕುಲುಮೆಯ ತಿದಿ ಊದುವವನಿಗೂ ಪ್ರವಾದಿವರ್ಯರು(ಸ) ಹೋಲಿಸಿದ್ದನ್ನು ನೀವೆಲ್ಲ ಕೇಳಿದ್ದೀರಿ. ಬಟ್ಟೆ ಸುಡುವ ಅಥವಾ ದುರ್ವಾಸನೆ ಅಂಟುವ ಆ ಭಯವೇ ತಾಯಂದಿರನ್ನು ಕಾಡುವುದು. ಮಗ ಬೈಕು ಹಿಡಿದು ಹೊರಗೆ ಹೋದರೆ ಯಾವ ಮೂಲೆಯಲ್ಲಿ, ಯಾರ ಜೊತೆ, ಏನು ಸೇದುತ್ತಾ ಕೂತಿದ್ದಾನೋ ಎಂಬ ಚಿಂತೆ. ಬೈಕು ನಿಮ್ಮ ಅಂಗಳದಲ್ಲೇ ಬಿಚ್ಚಿದ್ದರೆ ಆ ಚಿಂತೆ ಅರ್ಧ ಕಡಿಮೆ. ಕಿಟಕಿಯ ಪರದೆ ಸರಿಸಿದರೆ ಎಲ್ಲ ಮುಖಗಳೂ ಕಾಣುತ್ತವೆ. ಚಹಾದ ಟ್ರೇ ಅಜ್ಜನ ಕೈಯಲ್ಲಿ ಕಳಿಸಿದರೆ ಅವರೂ ಅಲ್ಲೇ ಒಂದು ಕುರ್ಚಿ ಎಳೆದು ಕೂರುತ್ತಾರೆ.

ಚಹಾದ ಲೆಕ್ಕ

ಚಹಾದ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಭಾನುವಾರ ಗಂಡಸರಿಗೆ ರಜೆ. ನಿಮಗೆ? ನಿಮ್ಮ ಪತಿ ಬೆಳಗ್ಗಿನಿಂದ ಸಂಜೆಯವರೆಗೆ ಕಾರ್ಬುರೇಟರ್ ತೊಳೆಯುತ್ತಾರೆ, ಅಡುಗೆಮನೆಯ ನಲ್ಲಿ ಮೂರು ತಿಂಗಳಿನಿಂದ ತೊಟ್ಟಿಕ್ಕುತ್ತಲೇ ಇರುತ್ತದೆ. ಅದೇ ಸ್ಪ್ಯಾನರ್, ಅದೇ ಕೈ. ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ತಮ್ಮ ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು, ಬಟ್ಟೆ ಹೊಲಿದುಕೊಳ್ಳುತ್ತಿದ್ದರು, ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರು ಎಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಇದನ್ನು ಮೃದುವಾಗಿ, ನಗುತ್ತಲೇ, ಆದರೆ ಸ್ಪಷ್ಟವಾಗಿ ನೆನಪಿಸಿ. ಅಂಗಳಕ್ಕೆ ಒಂದು ಫ್ಲಾಸ್ಕ್ ಚಹಾ ಬೆಳಗ್ಗೆ, ಒಂದು ಅಸರ್ ಹೊತ್ತಿಗೆ. ನಡುವೆ ಬೇಕೆನಿಸಿದರೆ ಅವರೇ ಒಳಗೆ ಬಂದು ಮಾಡಿಕೊಳ್ಳಲಿ ಎಂದು ಕಟ್ಟುಪಾಡು ಮಾಡಿಕೊಂಡ ಮನೆಗಳಿವೆ. ತಿಂಗಳಲ್ಲಿ ಎರಡು ಭಾನುವಾರ ಬೈಕಿಗೆ, ಎರಡು ಮನೆಗೆ ಎಂದು ಹಂಚಿಕೊಂಡವರೂ ಇದ್ದಾರೆ. ಕೇಳದಿದ್ದರೆ ಯಾರೂ ತಾನಾಗಿ ಕೊಡುವುದಿಲ್ಲ.

ಹಣದ್ದೂ ಹಾಗೆಯೇ. ಹಳೆಯ ಬೈಕು ಸೀರೆ ಅಂಗಡಿಗಿಂತ ಅಪಾಯಕಾರಿ. ಇಂದು ಒಂದು ಸೈಲೆನ್ಸರ್, ಮುಂದಿನ ವಾರ ಟ್ಯಾಂಕಿಗೆ ಪೇಂಟು, ಆಮೇಲೆ ಸೀಟು. ಸಣ್ಣ ಸಣ್ಣದಾಗಿ ಹೋಗುವುದರಿಂದ ಲೆಕ್ಕ ಸಿಗುವುದಿಲ್ಲ. ಒಂದು ನೋಟ್‌ಬುಕ್ ಇಟ್ಟು ಬರೆದುಕೊಳ್ಳಲು ಹೇಳಿ. ಮಗಳ ಫೀಸಿನ ಹಣ, ಬಾಡಿಗೆಯ ಹಣ ಅದಕ್ಕೆ ಹೋಗಕೂಡದು, ಸಾಲ ಮಾಡಿ ಬೈಕು ಸಿಂಗರಿಸುವುದಂತೂ ಬೇಡವೇ ಬೇಡ. ಇನ್ನೊಂದು ಮಾತು: ಕಲಿಸಲು ಬರುವ ಮೆಕ್ಯಾನಿಕ್ ಚಾಚಾ ಗೆಳೆಯರೇ ಇರಬಹುದು, ಆದರೆ ಅದು ಅವರ ಹೊಟ್ಟೆಪಾಡಿನ ವಿದ್ಯೆ. ಅವರ ಭಾನುವಾರಕ್ಕೆ ಹುಡುಗರೆಲ್ಲ ಸೇರಿ ಏನಾದರೂ ಕೊಡಬೇಕು. ಬರೀ ಬಿರಿಯಾನಿ ತಿನ್ನಿಸಿ ಕಳಿಸುವುದು ನ್ಯಾಯವಲ್ಲ.

ಹಿಂದೆ ಕೂರುವವರು ನೀವು

ಈಗ ಗಂಭೀರ ವಿಷಯಕ್ಕೆ ಬರೋಣ. ಬೈಕು ಬಿಚ್ಚುವ ಗೆಳೆಯರಲ್ಲಿ ಎರಡು ಬಗೆಯಿದೆ. ಕೆಟ್ಟದ್ದನ್ನು ಸರಿಮಾಡಲು ಬಿಚ್ಚುವವರು ಒಂದು ಬಗೆ. ಸರಿಯಿದ್ದದ್ದನ್ನು "ಲುಕ್" ಬರಲೆಂದು ಬಿಚ್ಚುವವರು ಇನ್ನೊಂದು. ಮೊದಲನೆಯವರ ಕೈಯಲ್ಲಿ ಇರುವುದು ಹೆಚ್ಚಾಗಿ ಹಳೆಯ ಬೈಕು, ಎರಡನೆಯವರದು ಕಂತು ಇನ್ನೂ ಮುಗಿಯದ ಹೊಸ ಬೈಕು. ಕಿಟಕಿಯಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತದೆ, ಅದೇ ಪತ್ರಿಕೆ, ಅದೇ ಸ್ಪ್ಯಾನರ್. ಆದ್ದರಿಂದ ತಾಯಂದಿರು ಕಿಟಕಿ ಬಿಟ್ಟು ಅಂಗಳಕ್ಕೆ ಇಳಿಯಲೇಬೇಕು.

ಹುಡುಗರು ಮೊದಲು ಕಿತ್ತು ಬಿಸಾಡುವುದು ಏನನ್ನು ಗೊತ್ತೇ? ಹಿಂದಿನ ಚಕ್ರದ ಎಡಬದಿಯ ಸೀರೆ ಗಾರ್ಡ್. ಆಮೇಲೆ ಹಿಂದೆ ಕೂತವರು ಹಿಡಿದುಕೊಳ್ಳುವ ಕಂಬಿ, ಚೈನ್ ಕವರ್, ಕನ್ನಡಿಗಳು. ಅವೆಲ್ಲ "ಅಂಕಲ್ ಬೈಕಿನ" ಗುರುತಂತೆ! ಮೋಟಾರು ವಾಹನ ನಿಯಮಗಳಲ್ಲಿ, 1989ರ ಕೇಂದ್ರ ನಿಯಮಾವಳಿಯ 123ನೇ ನಿಯಮದಲ್ಲಿ, ಹಿಂದೆ ಕೂರುವವರಿಗೆ ಕೈಹಿಡಿ, ಕಾಲೂರು ಹಾಗೂ ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂಬದಿ ಚಕ್ರದ ಕನಿಷ್ಠ ಅರ್ಧ ಭಾಗ ಮುಚ್ಚುವ ರಕ್ಷಣೆ ಇರಲೇಬೇಕು ಎಂದಿದೆ. ಇದು ಯಾರಿಗಾಗಿ ಮಾಡಿದ ನಿಯಮ? ಆ ಸೀಟಿನಲ್ಲಿ ಬುರ್ಖಾ ತೊಟ್ಟು, ದುಪಟ್ಟಾ ಹೊದ್ದು, ಸೀರೆಯುಟ್ಟು, ಮಡಿಲಲ್ಲಿ ಮಗು ಹಿಡಿದು ಕೂರುವವರು ನೀವು. ದುಪಟ್ಟಾದ ಒಂದು ತುದಿ ಚಕ್ರದ ಕಡ್ಡಿಗೆ ಸಿಕ್ಕರೆ ಸಾಕು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಕತ್ತಿಗೆ ಬಿಗಿಯುತ್ತದೆ ಇಲ್ಲವೇ ಕೂತವಳನ್ನು ರಸ್ತೆಗೆ ಎಳೆದು ಹಾಕುತ್ತದೆ. ಇಂಥ ಸಾವುಗಳ ಸುದ್ದಿಯನ್ನು ನೀವು ಓದಿರುತ್ತೀರಿ. ಮಗನಿಗೆ ಬೈಕು ಎಂದರೆ ಮುಂದಿನ ಅರ್ಧ. ಹಿಂದಿನ ಅರ್ಧ ನಿಮ್ಮದು, ಅದರ ಬಗ್ಗೆ ಮಾತಾಡುವ ಹಕ್ಕೂ ನಿಮ್ಮದು. ಕಿತ್ತ ಗಾರ್ಡು ಗೂಡಿನ ಮೂಲೆಯಲ್ಲಿ ಬಿದ್ದಿದ್ದರೆ ಇಂದೇ ಹಾಕಿಸಿ. ಎರಡು ಬೋಲ್ಟಿನ ಕೆಲಸ, ಹೇಗೂ ಸ್ಪ್ಯಾನರ್ ಹಿಡಿದವರು ಅಲ್ಲೇ ಕೂತಿದ್ದಾರೆ. ನೀವೂ ಕೂರುವ ಮೊದಲು ದುಪಟ್ಟಾದ ಎರಡೂ ತುದಿಗಳನ್ನು ಮುಂದಕ್ಕೆ ಎಳೆದು ಗಂಟು ಹಾಕಿ, ಬುರ್ಖಾದ ಅಂಚನ್ನು ಮಡಚಿ ತೊಡೆಯಡಿ ಒತ್ತಿಕೊಳ್ಳಿ.

ಎರಡನೆಯದು ಸೈಲೆನ್ಸರ್. ಅದರೊಳಗಿನ ಸದ್ದಡಗಿಸುವ ಭಾಗವನ್ನು ತೆಗೆದು ಅಥವಾ ಬೇರೆ ಸೈಲೆನ್ಸರ್ ಕೂರಿಸಿ, ರಾತ್ರಿ ಬೀದಿಯುದ್ದಕ್ಕೂ ಪಟಾಕಿಯಂತೆ ಸಿಡಿಸುತ್ತಾ ಹೋಗುವುದನ್ನು ಕೇಳಿದ್ದೀರಿ. ಆ ಬೀದಿಯಲ್ಲಿ ಹಾಲು ಕುಡಿದು ಈಗಷ್ಟೇ ಮಲಗಿದ ಹಸುಗೂಸಿದೆ, ಹೃದಯದ ಕಾಯಿಲೆಯ ಅಜ್ಜಿಯಿದ್ದಾರೆ, ನಾಳೆ ಪರೀಕ್ಷೆ ಬರೆಯುವ ಹುಡುಗಿಯಿದ್ದಾಳೆ. ಯಾರ ನಾಲಗೆ ಮತ್ತು ಕೈಯಿಂದ ಇತರರು ಸುರಕ್ಷಿತರಾಗಿರುತ್ತಾರೋ ಅವನೇ ಮುಸ್ಲಿಮ್ ಎಂಬ ಅರ್ಥದ ಹದೀಸನ್ನು ಬಾಯಿಪಾಠ ಒಪ್ಪಿಸಿದ ಹುಡುಗನೇ ಅದನ್ನು ಓಡಿಸುತ್ತಿರುತ್ತಾನೆ. ನಾಲಗೆ, ಕೈ ಎಂದರೆ ಸೈಲೆನ್ಸರ್ ಅದರಲ್ಲಿ ಸೇರುವುದಿಲ್ಲ ಎಂದು ಅವನು ಭಾವಿಸಿದ್ದಾನೋ ಏನೋ. ಕಾನೂನಿನ ಕಡೆಯಿಂದ ಹೇಳುವುದಾದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದೆ ವಾಹನದಲ್ಲಿ ಇಂಥ ಬದಲಾವಣೆ ಮಾಡಿದ ಮಾಲಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ನೆನಪಿಡಿ, ಬಹಳ ಸಲ ಬೈಕಿನ ದಾಖಲೆ ಇರುವುದು ತಂದೆಯ ಹೆಸರಿನಲ್ಲಿ, ಕೆಲವು ಮನೆಗಳಲ್ಲಿ ತಾಯಿಯ ಹೆಸರಿನಲ್ಲಿ.

ಹದಿನೆಂಟು ತುಂಬದ ಹುಡುಗರ ವಿಷಯದಲ್ಲಂತೂ ಯಾವ ಸಡಿಲಿಕೆಯೂ ಬೇಡ. ಗುಂಪಿನಲ್ಲಿ ಕೂತು ಚೈನು ತೊಳೆಯಲಿ, ಪ್ಲಗ್ಗಿನ ಮಸಿ ಉಜ್ಜಲಿ, ಕಲಿಯಲಿ. ಕೆಲಸ ಮುಗಿದ ಮೇಲೆ "ಒಂದು ರೌಂಡ್ ನೋಡಿ ಬಾ" ಎಂದು ಯಾರೋ ಅವನ ಕೈಗೆ ಹ್ಯಾಂಡಲ್ ಕೊಡುತ್ತಾರಲ್ಲ, ಅಲ್ಲಿ ನೀವು ಅಡ್ಡ ನಿಲ್ಲಬೇಕು. ಅದೇ ತಿದ್ದುಪಡಿಯಂತೆ ಅಪ್ರಾಪ್ತನು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲಕರಿಗೆ ಮೂರು ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ದಂಡ ಹೇಗೋ ಕಟ್ಟಬಹುದು. ಆ ಒಂದು ರೌಂಡಿನಿಂದ ಮರಳಿ ಬಾರದ ಮಕ್ಕಳ ತಾಯಂದಿರು ನಿಮ್ಮ ಊರಿನಲ್ಲೂ ಇದ್ದಾರೆ.

ನಿಮ್ಮ ಸ್ಕೂಟರನ್ನೂ ಹೊರಗೆ ತನ್ನಿ

ಅಂಗಳದ ಒಂದು ಬದಿಗೆ ನಿಂತಿರುತ್ತದಲ್ಲ, ನೀವು ಮಕ್ಕಳನ್ನು ಶಾಲೆಗೆ ಬಿಡುವ ಸ್ಕೂಟರ್, ಅದನ್ನು ಆ ಭಾನುವಾರ ಯಾರೂ ಮುಟ್ಟುವುದಿಲ್ಲ. ಪ್ರದರ್ಶನಕ್ಕಿಡುವ ಯೆಜ್ಡಿಗೆ ಇಡೀ ದಿನ, ದಿನವೂ ದುಡಿಯುವ ಗಾಡಿಗೆ ಐದು ನಿಮಿಷವಿಲ್ಲ. ಮೊದಲು ಅದನ್ನು ನೋಡಿ ಎನ್ನಿ. ಮಗಳನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿ. ಹೊರಗಿನ ಹುಡುಗರ ನಡುವೆ ಬೇಡವೆನಿಸಿದರೆ ಅವರು ಹೋದ ಮೇಲೆ ಅಣ್ಣನೋ ತಂದೆಯೋ ಕಲಿಸಲಿ. ಬ್ರೇಕ್ ಲಿವರ್ ಹ್ಯಾಂಡಲಿಗೆ ತಾಗುವಷ್ಟು ಸಡಿಲವಾಗಿದೆಯೇ, ಟಯರಿನ ಗೀರುಗಳ ನಡುವಿನ ಪುಟ್ಟ ಉಬ್ಬುಗಳ ಮಟ್ಟಕ್ಕೆ ರಬ್ಬರ್ ಸವೆದು ಬಂದಿದೆಯೇ, ಗಾಳಿ ಸರಿಯಿದೆಯೇ, ಹಿಂದಿನ ದೀಪ ಉರಿಯುತ್ತಿದೆಯೇ, ಎಂಜಿನ್ ಆಯಿಲಿನ ಮಟ್ಟ ಎಷ್ಟಿದೆ ಎಂದು ನೋಡಲು ಯಾವ ಉಸ್ತಾದರೂ ಬೇಕಿಲ್ಲ. ದಾರಿ ಮಧ್ಯೆ ಗಾಡಿ ನಿಂತರೆ ಪ್ಲಗ್ ಎಲ್ಲಿದೆ ಎಂದಾದರೂ ತಿಳಿದ ಹುಡುಗಿ ಅಪರಿಚಿತರ ದಯೆಗಾಗಿ ಕಾಯಬೇಕಿಲ್ಲ.

2020ರ ಏಪ್ರಿಲ್‌ನಿಂದ ಮಾರಾಟವಾಗುತ್ತಿರುವ ಬಿಎಸ್-6 ಗಾಡಿಗಳಲ್ಲಿ ಹೆಚ್ಚಿನವುಗಳಿಗೆ ಕಾರ್ಬುರೇಟರೇ ಇಲ್ಲ. ಪೆಟ್ರೋಲಿನ ಅಳತೆಯನ್ನು ಎಲೆಕ್ಟ್ರಾನಿಕ್ ವ್ಯವಸ್ಥೆ ನೋಡಿಕೊಳ್ಳುತ್ತದೆ. ಅದರ ಎಂಜಿನ್, ವೈರಿಂಗ್ ಅಂಗಳದಲ್ಲಿ ಬಿಚ್ಚುವ ವಿಷಯವಲ್ಲ. ಯೆಜ್ಡಿಯ ಧೈರ್ಯದಲ್ಲಿ ನಿಮ್ಮ ಸ್ಕೂಟರಿಗೆ ಕೈಹಾಕಲು ಬಂದವರನ್ನು ಅಲ್ಲಿಯೇ ತಡೆಯಿರಿ. ಹೆಲ್ಮೆಟ್ ಬಗ್ಗೆ ಒಂದೇ ಮಾತು: ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಅದು ಕಡ್ಡಾಯ, ಹಿಜಾಬಿನ ಮೇಲೆ ಸರಿಯಾಗಿ ಕೂರುವ ಅಳತೆ ಸಿಗುತ್ತದೆ. ದಪ್ಪ ಪಿನ್ನುಗಳನ್ನು ಮಾತ್ರ ತೆಗೆದಿಡಿ, ಅಂಗಡಿಗೆ ಹಿಜಾಬ್ ತೊಟ್ಟೇ ಹೋಗಿ ಅಳತೆ ನೋಡಿ.

ಅಂಗಳದ ಕೆಲವು ಎಚ್ಚರಗಳು ನಿಮ್ಮ ಕೈಯಲ್ಲೇ ಇವೆ. ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯಲು ಬಿಡಬೇಡಿ. ಅದರ ಆವಿ ನೆಲಕ್ಕಂಟಿ ಹರಿದು ದೂರದ ಗ್ಯಾಸ್ ಒಲೆಯವರೆಗೂ ಬರಬಲ್ಲದು. ಮಳೆಗಾಲದಲ್ಲಿ ಬೈಕನ್ನು ಮುಚ್ಚಿದ ಕೋಣೆಯೊಳಗೆ ತಂದು ಎಂಜಿನ್ ಓಡಿಸುವುದೂ ಬೇಡ. ಆ ಹೊಗೆಯಲ್ಲಿ ಜೀವ ತೆಗೆಯುವ ವಿಷಾನಿಲವಿದೆ. ಕುಡಿಯುವ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿಡುವ ಅಭ್ಯಾಸವಂತೂ ಪುಟ್ಟ ಮಕ್ಕಳಿರುವ ಮನೆಗೆ ಮಾರಿ. ಬಸಿದು ತೆಗೆದ ಕಪ್ಪು ಆಯಿಲನ್ನು ಚರಂಡಿಗೋ ತೆಂಗಿನ ಬುಡಕ್ಕೋ ಸುರಿಯದೆ ಡಬ್ಬಿಯಲ್ಲಿ ಕೂಡಿಟ್ಟು ಗ್ಯಾರೇಜಿಗೆ ಕೊಟ್ಟುಬಿಡಲಿ.

ಝುಹರ್ ಅಝಾನಿನ ಹೊತ್ತಿಗೆ ಸಾಮಾನ್ಯವಾಗಿ ಬೈಕು ಅರ್ಧ ಬಿಚ್ಚಿದ ಸ್ಥಿತಿಯಲ್ಲಿರುತ್ತದೆ, ಎಲ್ಲರ ಕೈಯೂ ಮೊಣಕೈವರೆಗೆ ಕಪ್ಪು. ಬರೀ ಬಣ್ಣ ಉಳಿದಿದ್ದರೆ ವುಝೂವಿಗೆ ಅಡ್ಡಿಯಿಲ್ಲ, ಆದರೆ ಗ್ರೀಸಿನ ಪದರ ನೀರನ್ನು ಚರ್ಮಕ್ಕೆ ತಾಗಗೊಡುವುದಿಲ್ಲ, ಅದನ್ನು ತೆಗೆಯಲೇಬೇಕು. ಕೊನೆ ಗಳಿಗೆಯಲ್ಲಿ ಓಡಿ ಬಂದು ನಿಮ್ಮ ಸ್ನಾನದ ಸೋಪನ್ನು ಕಪ್ಪು ಮಾಡಿ ಹೋಗುವ ಬದಲು ಹತ್ತು ನಿಮಿಷ ಮೊದಲೇ ಕೂಗಿ ಎಬ್ಬಿಸಿ. ಒಣ ಕೈಗೇ ಒಂದು ಚಮಚ ತೆಂಗಿನೆಣ್ಣೆ, ಒಂದು ಚಮಚ ಸಕ್ಕರೆ ಹಾಕಿ ಚೆನ್ನಾಗಿ ತಿಕ್ಕಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನಿಂದ ತೊಳೆದರೆ ಗ್ರೀಸ್ ಬಿಡುತ್ತದೆ. ಉಗುರಿನ ಸಂದಿಗೆ ಅದೇ ಹಳೆಯ ಬ್ರಷ್ ಸಾಕು. ಬಟ್ಟೆಯ ಕಲೆಗೆ ಮೊದಲು ಕಡಲೆಹಿಟ್ಟು ಇಲ್ಲವೇ ಟಾಲ್ಕಂ ಪೌಡರ್ ಉದುರಿಸಿ ಅರ್ಧ ಗಂಟೆ ಬಿಟ್ಟು ಕೊಡವಿ, ನಂತರ ಪಾತ್ರೆ ಸೋಪು ಹಚ್ಚಿ ಉಜ್ಜಬೇಕು. ಆ ಬಟ್ಟೆಗಳನ್ನು ಮನೆಯವರ ಬಟ್ಟೆಯ ಜೊತೆ ಮೆಷಿನ್ನಿಗೆ ಹಾಕಬೇಡಿ. ಒಂದು ಜೊತೆ ಹಳೆಯ ಪ್ಯಾಂಟು ಅಂಗಿಯನ್ನು ಈ ಕೆಲಸಕ್ಕೆಂದೇ ಬೇರೆ ಮೊಳೆಗೆ ನೇತುಹಾಕಿ, ಅದನ್ನು ಒಗೆಯುವ ಬಕೆಟ್ಟನ್ನೂ ಅದರ ಕೆಳಗೇ ಇಟ್ಟುಬಿಡಿ. ಯಾರು ಒಗೆಯಬೇಕೆಂದು ಅವರಿಗೇ ತಿಳಿಯುತ್ತದೆ.